ಆನೆ ಹೊತ್ತು ಮೆರೆಸಿದ ಹಾಡು

1958ರ ಅಕ್ಟೋಬರ್ 2ರಂದು ಸ್ವತಂತ್ರವಾದ ಗಿನಿ ದೇಶದ ಹೊಸ ಸರ್ಕಾರ ಆರಂಭದಲ್ಲೇ ಕೈಹಾಕಿದ ಕೆಲಸಗಳಲ್ಲಿ ಸಂಗೀತವೂ ಒಂದು. ರೇಡಿಯೊದಲ್ಲಿ ಇನ್ನು ಫ್ರೆಂಚ್ ಹಾಡು ಬೇಡ ಎಂದು ಅಧ್ಯಕ್ಷ ಸೆಕು ತುರೆ ಅಪ್ಪಣೆ ಮಾಡಿದ. ರಾಜಧಾನಿ ಕೊನಾಕ್ರಿಯ ಹೋಟೆಲು, ಕ್ಲಬ್ಬುಗಳಲ್ಲಿ ಯುರೋಪಿನ ಕುಣಿತದ ಧಾಟಿಗಳನ್ನು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಖಾಸಗಿ ವಾದ್ಯಮೇಳಗಳನ್ನು ವಿಸರ್ಜಿಸಲಾಯಿತು. ಅವುಗಳಲ್ಲಿದ್ದ ಪಳಗಿದ ಕೈಗಳನ್ನು ಆಯ್ದು 1959ರಲ್ಲಿ ಸರ್ಕಾರವೇ ಒಂದು ಮೇಳ ಕಟ್ಟಿತು. ಅದರ ಹೆಸರು ಸಿಲಿ ರಾಷ್ಟ್ರೀಯ ವಾದ್ಯಮೇಳ. ಸಿಲಿ ಎಂದರೆ ಅಲ್ಲಿನ ಸುಸು ಭಾಷೆಯಲ್ಲಿ ಆನೆ. ಆನೆ ಸೆಕು ತುರೆಯ ಪಕ್ಷದ ಗುರುತು. ಮುಂದೆ ಸರ್ಕಾರದ ಧ್ವನಿಮುದ್ರಿಕೆ ಸಂಸ್ಥೆಯ ಹೆಸರಿನಲ್ಲಿ, ಕೆಲಕಾಲ ದೇಶದ ನಾಣ್ಯದ ಹೆಸರಿನಲ್ಲಿಯೂ ಇದೇ ಆನೆ ಬಂದು ನಿಂತಿತು.

ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿರುವ ಈ ದೇಶ ಫ್ರಾನ್ಸಿನ ವಸಾಹತಾಗಿತ್ತು. ಫ್ರಾನ್ಸಿನ ನೆರಳಿನಲ್ಲೇ ಒಂದಿಷ್ಟು ಸ್ವಾಯತ್ತತೆ ಪಡೆದು ಇರುತ್ತೀರೋ, ಸಂಬಂಧ ಕಡಿದುಕೊಂಡು ಹೋಗುತ್ತೀರೋ ಎಂದು ಜನರಲ್ ಡಿಗಾಲ್ ತನ್ನ ಆಫ್ರಿಕನ್ ವಸಾಹತುಗಳನ್ನು ಕೇಳಿದಾಗ, ನೆರಳು ಬೇಡವೆಂದದ್ದು ಗಿನಿ ಮಾತ್ರ. 1958ರ ಸೆಪ್ಟೆಂಬರ್ 28ರ ಜನಮತದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಬೇಡವೆಂದೇ ಮತ ಹಾಕಿದರು. ಸಿಟ್ಟಿಗೆದ್ದ ಫ್ರೆಂಚ್ ಆಡಳಿತ ಕಡತ, ಯಂತ್ರ, ಕಚೇರಿಯ ಸಾಮಾನುಗಳನ್ನೂ ಬಿಡದೆ ಎತ್ತಿಕೊಂಡು ಕೆಲವೇ ವಾರಗಳಲ್ಲಿ ಜಾಗ ಖಾಲಿ ಮಾಡಿತು. ಖಜಾನೆಯಲ್ಲಿ ಹಣವಿಲ್ಲ, ಆಡಳಿತ ನಡೆಸಲು ತರಬೇತಾದ ಜನವಿಲ್ಲ. ಫ್ರೆಂಚರು ಕಟ್ಟಿಕೊಂಡು ಹೋಗಲಾರದ ಆಸ್ತಿಯಲ್ಲಿ ಮೊದಲನೆಯದು ಹಾಡು. ಅದನ್ನೇ ಅಡಿಪಾಯ ಮಾಡಿಕೊಂಡು ರಾಷ್ಟ್ರ ಕಟ್ಟಲು ಹೊರಟ ಕಥೆ ಇದು. ಆ ಅಡಿಪಾಯದ ಮೇಲೆ ಅಪೂರ್ವವಾದ ಸಂಗೀತ ಎದ್ದು ನಿಂತಿತು, ಅದರ ಪಕ್ಕದಲ್ಲೇ ಒಂದು ಸೆರೆಮನೆಯೂ ಎದ್ದಿತು. ಎರಡನ್ನೂ ಒಟ್ಟಿಗೆ ನೋಡದೆ ಗಿನಿಯ ಸಂಗೀತವನ್ನು ಅರಿಯಲಾಗದು ಎಂಬುದು ನನ್ನ ನಂಬಿಕೆ.

ಮೊದಲು ಅಡಿಪಾಯದ ಮಾತು. ಗಿನಿಯ ಈಶಾನ್ಯ ಭಾಗದಲ್ಲಿ, ಮಾಲಿ ದೇಶದ ಗಡಿಗೆ ಹತ್ತಿರ, ನಿಯಾಗಸ್ಸೊಲಾ ಎಂಬ ಹಳ್ಳಿ ಇದೆ. ಅಲ್ಲಿ ಕುಯಾಟೆ ಎಂಬ ಮನೆತನದ ಕಾವಲಿನಲ್ಲಿ ಬಲಫೋನ್ ಎಂಬ ಹಳೆಯ ವಾದ್ಯವೊಂದಿದೆ. ಸುಮಾರು ಒಂದೂವರೆ ಮೀಟರ್ ಉದ್ದ, 20 ಮರದ ಪಟ್ಟಿಗಳು. ಹೆಸರು ಸೊಸ್ಸೊ ಬಾಲಾ. ಇದನ್ನು ಮನೆತನದ ಹಿರಿಯ ಮಾತ್ರ ನುಡಿಸಬೇಕು, ಅದೂ ಮುಸ್ಲಿಂ ಹೊಸ ವರ್ಷದಂಥ ದಿನ ಅಥವಾ ಕೆಲವು ಅಂತ್ಯಕ್ರಿಯೆಗಳ ಹೊತ್ತಿನಲ್ಲಿ. ಯುನೆಸ್ಕೊ 2001ರಲ್ಲಿ ಇದರ ಸುತ್ತಲಿನ ಇಡೀ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಘೋಷಿಸಿತು.

ಬಲಫೋನ್ ಮಾಡುವ ಬಗೆ ತಿಳಿದರೆ ಅದರ ನಾದದ ಗುಟ್ಟು ತಿಳಿಯುತ್ತದೆ. ಗಟ್ಟಿಮರದ ಪಟ್ಟಿಗಳನ್ನು ಸೀಳಿ, ಬೆಂಕಿಯ ಕಾವಿನಲ್ಲಿ ಒಣಗಿಸಿ, ಕೆತ್ತಿ ಕೆತ್ತಿ ಶ್ರುತಿಗೆ ತರುತ್ತಾರೆ. ಒಂದೊಂದು ಪಟ್ಟಿಯ ಕೆಳಗೂ ಅದರ ಸ್ವರಕ್ಕೆ ಹೊಂದುವ ಗಾತ್ರದ ಸೋರೆಬುರುಡೆ ಕಟ್ಟುತ್ತಾರೆ. ಬುರುಡೆಯಲ್ಲಿ ಸಣ್ಣ ತೂತು ಕೊರೆದು, ಜೇಡ ತನ್ನ ಮೊಟ್ಟೆಗಳ ಸುತ್ತ ನೇಯುವ ತೆಳುಪೊರೆಯನ್ನು ಅದಕ್ಕೆ ಅಂಟಿಸುತ್ತಾರೆ. ಈಗೀಗ ತೆಳು ಕಾಗದ, ಪ್ಲಾಸ್ಟಿಕ್ ಹಾಳೆಗಳೂ ಬಂದಿವೆ. ರಬ್ಬರ್ ಸುತ್ತಿದ ಕೋಲಿನಿಂದ ಪಟ್ಟಿಗೆ ಬಡಿದಾಗ ಆ ಪೊರೆ ನಡುಗಿ, ಸ್ವರದ ಬೆನ್ನಿಗೆ ಒಂದು ಝೇಂಕಾರ ಹೊರಡುತ್ತದೆ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆ ಸಿಕ್ಕಿಸಿ ಜೀವಾಳ ಹೊರಡಿಸುವುದು ಇದೇ ಆಸೆಯಿಂದ. ಬರಿಯ ಶುದ್ಧ ಸ್ವರ ಬೋಳೆನಿಸುವ ಕಿವಿ ಅಲ್ಲಿನವರದು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದವರು ಈ ಝೇಂಕಾರವನ್ನು ಗದ್ದಲವೆಂದು ದೂರಿದ್ದುಂಟು. ಆ ದೂರು ನಮ್ಮ ಬಾಯಿಂದ ಬರಬಾರದು.

ಬಲಫೋನಿನ ಸಪ್ತಕದಲ್ಲಿ ಏಳು ಸ್ವರಗಳು, ಅವುಗಳ ನಡುವಿನ ಅಂತರ ಬಹುಮಟ್ಟಿಗೆ ಸಮಾನ. ಹಾರ್ಮೋನಿಯಂ ಕಿವಿಗೆ ಇದು ಶ್ರುತಿ ತಪ್ಪಿದಂತೆ ಕೇಳಿಸಬಹುದು. ಒಂದು ಕೈ ಸಣ್ಣದೊಂದು ಆವರ್ತವನ್ನು ಬಿಡದೆ ಹಿಡಿದು ತಿರುಗಿಸುತ್ತಿರುತ್ತದೆ, ಇನ್ನೊಂದು ಕೈ ಮೇಲಿನಿಂದ ಕೆಳಗೆ ಧುಮುಕುತ್ತ ಬರುತ್ತದೆ. ಗಿನಿಯ ಗಿಟಾರ್‌ವಾದಕರು ಮುಂದೆ ಈ ಧುಮುಕುವಿಕೆಯನ್ನೇ ತಂತಿಗೆ ಇಳಿಸಿದರು.

ಇನ್ನು ಸೊಸ್ಸೊ ಬಾಲಾದ ಕಥೆ. ಹದಿಮೂರನೆಯ ಶತಮಾನದ ಸೊಸ್ಸೊ ರಾಜ ಸುಮಂಗುರು ಕಾಂಟೆ ಕ್ರೂರಿ, ಮಾಯಾವಿ. ಅವನ ಗುಪ್ತ ಕೋಣೆಯಲ್ಲಿ ಈ ಬಲಫೋನ್ ಇತ್ತು, ಅವನಲ್ಲದೆ ಬೇರೊಬ್ಬರು ಮುಟ್ಟುವಂತಿರಲಿಲ್ಲ. ಮಾಂಡಿಂಗ್ ರಾಜಕುಮಾರ ಸುಂಜಾಟಾನ ಕಡೆಯ ಜೆಲಿ, ಅಂದರೆ ವಂಶಪಾರಂಪರ್ಯದ ಹಾಡುಗಾರ, ಬಾಲಾ ಫಾಸೆಕೆ ಒಮ್ಮೆ ರಾಜನಿಲ್ಲದ ಹೊತ್ತು ನೋಡಿ ಒಳಹೊಕ್ಕು ಅದನ್ನು ನುಡಿಸತೊಡಗಿದ. ಎಲ್ಲೋ ದೂರದಲ್ಲಿದ್ದ ರಾಜನಿಗೆ ತಿಳಿದುಹೋಯಿತು. ಕೊಲ್ಲಲೆಂದೇ ಧಾವಿಸಿ ಬಂದ. ಬಾಲಾ ಫಾಸೆಕೆ ನುಡಿಸುವುದನ್ನು ನಿಲ್ಲಿಸಲಿಲ್ಲ, ನಿಂತ ನಿಲುವಿನಲ್ಲೇ ರಾಜನ ಮೇಲೊಂದು ಸ್ತುತಿ ಕಟ್ಟಿ ಹಾಡಿದ. ರಾಜನ ಕೈ ಇಳಿಯಿತು. ನೀನು ಇನ್ನು ನನ್ನ ಆಸ್ಥಾನದವನು ಎಂದು ಅವನನ್ನು ಹಿಡಿದಿಟ್ಟುಕೊಂಡ. 1235ರ ಸುಮಾರಿಗೆ ಕಿರಿನಾ ಕಾಳಗದಲ್ಲಿ ಸುಂಜಾಟಾ ಗೆದ್ದು ಮಾಲಿ ಸಾಮ್ರಾಜ್ಯ ಕಟ್ಟಿದ ಮೇಲೆ ಬಲಫೋನ್ ಬಾಲಾ ಫಾಸೆಕೆಯ ಕೈಗೆ ಬಂತು. ಕುಯಾಟೆ ಮನೆತನದವರು ಅವನ ವಂಶಜರು.

ಜೆಲಿಗಳು ಹುಟ್ಟಿನಿಂದಲೇ ಹಾಡುಗಾರರು. ಕುಯಾಟೆ, ಡಿಯಾಬಾಟೆ ಮುಂತಾದ ಅಡ್ಡಹೆಸರು ಕೇಳಿದರೆ ಸಾಕು, ಜೆಲಿ ಮನೆಯವರು ಎಂದು ಅಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ವಂಶಾವಳಿ ನೆನಪಿಡುವುದು, ಮದುವೆಯ ಮಾತುಕತೆ ನಡೆಸುವುದು, ಜಗಳವಾದರೆ ನಡುವೆ ನಿಂತು ಬಿಡಿಸುವುದು, ರಾಜನ ಮಾತನ್ನು ಜನಕ್ಕೂ ಜನರ ಮಾತನ್ನು ರಾಜನಿಗೂ ಮುಟ್ಟಿಸುವುದು, ಇವೆಲ್ಲ ಅವರ ಪಾಲಿನ ಕೆಲಸ. ಹೊಗಳುವ ಹಕ್ಕಿನ ಜೊತೆಗೇ ಅವರಿಗೆ ಇನ್ನೊಂದು ಹಕ್ಕೂ ಇತ್ತು: ನಿನ್ನ ಅಜ್ಜ ಹೀಗಿದ್ದ, ನೀನು ಹಾಗಿಲ್ಲ ಎಂದು ದೊರೆಗೆ ಎದುರಿಗೇ ಹೇಳುವ ಹಕ್ಕು. ಹೊಗಳಿಕೆಯೊಳಗೇ ಎಚ್ಚರಿಕೆ ಅಡಗಿಸುವ ಈ ಕಲೆಯಿಂದಾಗಿ ಜೆಲಿಯನ್ನು ಬರಿಯ ಭಟ್ಟಂಗಿ ಎನ್ನುವುದು ತಪ್ಪಾಗುತ್ತದೆ. ಗಿನಿಯ ಇತಿಹಾಸಕಾರ ಜಿಬ್ರಿಲ್ ತಾಮ್ಸಿರ್ ನಿಯಾನೆ ಇಂಥ ಜೆಲಿಯೊಬ್ಬರ ಬಾಯಿಂದ ಕೇಳಿ ಬರೆದ ಸುಂಜಾಟಾ ಕಥನ 1960ರಲ್ಲಿ ಪುಸ್ತಕವಾಗಿ ಬಂತು, ಲೋಕಕ್ಕೆ ಆ ಮಹಾಕಾವ್ಯ ತಿಳಿದದ್ದು ಹೆಚ್ಚಾಗಿ ಅದರಿಂದ.

ಜೆಲಿಗಳದ್ದು ಗಿನಿಯ ಒಂದು ಭಾಗದ ಕಥೆ ಮಾತ್ರ. ಫೂಟಾ ಜಲ್ಲೊನ್ ಬೆಟ್ಟಸೀಮೆಯ ಫುಲಾ ಜನರಲ್ಲಿ ಬಳ್ಳಿಯ ಕಾಂಡದಿಂದ ಮಾಡಿದ, ಮೂರೇ ತೂತಿನ ಕೊಳಲಿದೆ. ಊದುತ್ತಲೇ ವಾದಕ ಗುನುಗುತ್ತಾನೆ, ಮಾತಾಡುತ್ತಾನೆ, ಕೂಗುತ್ತಾನೆ. ಕಂಠ, ಕೊಳಲು ಎರಡೂ ಒಂದೇ ಉಸಿರಿನಲ್ಲಿ ಬೆರೆತುಬರುತ್ತವೆ. ಆಗ್ನೇಯದ ಕಾಡುಸೀಮೆಯಲ್ಲಿ ಮುಖವಾಡದ ಕುಣಿತಗಳು, ದೀಕ್ಷೆಯ ಹಾಡುಗಳು. ಮೇಲ್ಸೀಮೆಯ ಹಳ್ಳಿಗಳಲ್ಲಿ ಜೆಂಬೆ ಮತ್ತು ಮೂರು ಗಾತ್ರದ ದುನುನ್ ಎಂಬ ಪೀಪಾಯಿ ಆಕಾರದ ಡೋಲುಗಳು. ಹೊಲದ ಕೆಲಸಕ್ಕೆ ಕಾಸ್ಸಾ ಎಂಬ ತಾಳ, ಹುಡುಗರ ಸುನ್ನತಿಗೆ ಸೊಲಿ, ಕಟ್ಟಾಳುಗಳ ಕುಣಿತಕ್ಕೆ ದುನುನ್ಬಾ. ಜೆಂಬೆ ಬಾರಿಸಲು ಜೆಲಿಯಾಗಿ ಹುಟ್ಟಬೇಕಿಲ್ಲ. ಕೈ ಮತ್ತು ಕಸುವು ಇದ್ದರೆ ಯಾರೂ ಬಾರಿಸಬಹುದು.

ಮೇಳಗಳ ಕಾಲ

ಸಿಲಿ ವಾದ್ಯಮೇಳದ ಕಲಾವಿದರಿಗೆ ಸರ್ಕಾರ ಒಪ್ಪಿಸಿದ ಕೆಲಸ ಸ್ಪಷ್ಟವಾಗಿತ್ತು. ಹಳ್ಳಿಗಳ ಧಾಟಿಗಳನ್ನು ಕಲಿಯಿರಿ, ಅವನ್ನು ಗಿಟಾರು, ಸ್ಯಾಕ್ಸೊಫೋನು, ಟ್ರಂಪೆಟ್ಟುಗಳಿಗೆ ಹೊಂದಿಸಿ ಹೊಸ ಕುಣಿತದ ಸಂಗೀತ ಮಾಡಿ. ಈ ನೀತಿಗೆ ಸೆಕು ತುರೆ ಇಟ್ಟ ಹೆಸರು ಆಥಾಂತಿಸಿತೆ, ನಮ್ಮತನ ಎಂಬ ಅರ್ಥದಲ್ಲಿ. ಮುಂದೆ ಸಿಲಿ ಮೇಳ ಒಡೆದು ಎರಡಾಯಿತು. ಟ್ರಂಪೆಟ್ ವಾದಕ ಬಾಲಾ ಒನಿವೊಗಿ ಅವರ ಬಾಲಾಡಾನ್ ತಂಡ ಕೊನಾಕ್ರಿಯ ಜಾರ್ದಾನ್ ದ ಗಿನಿ ಎಂಬ ನೃತ್ಯಶಾಲೆಯಲ್ಲಿ ನೆಲೆಯಾಯಿತು. ಸ್ಯಾಕ್ಸೊಫೋನ್ ವಾದಕ ಕೆಲೆತಿಗಿ ತ್ರಾವೊರೆ ಅವರ ತಾಂಬುರಿನಿ ತಂಡಕ್ಕೆ ಪಾಯೊತ್ ಎಂಬ ಇನ್ನೊಂದು ಜಾಗ ಸಿಕ್ಕಿತು. ಜಿಲ್ಲೆ ಜಿಲ್ಲೆಗೂ ಒಂದೊಂದು ಮೇಳ ಏರ್ಪಟ್ಟಿತು. ವಾದ್ಯಗಳನ್ನು ಸರ್ಕಾರ ಕೊಳ್ಳುತ್ತಿತ್ತು, ದೊಡ್ಡ ಮೇಳಗಳ ಕಲಾವಿದರಿಗೆ ಸಂಬಳವನ್ನೂ ಕೊಡುತ್ತಿತ್ತು. ಹಳ್ಳಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಸ್ಪರ್ಧೆಗಳು. ಗೆದ್ದವರ ಹಾಡು ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸುತ್ತಿತ್ತು.

ಹೀಗೆ ಮೇಲೆದ್ದು ಬಂದ ಮೇಳವೇ ಬೆಂಬೆಯಾ ಜಾಝ್. 1961ರಲ್ಲಿ ದೂರದ ಬೆಯ್ಲಾ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ತಂಡ ರಾಷ್ಟ್ರೀಯ ಸ್ಪರ್ಧೆಗಳನ್ನು ಗೆದ್ದು 1966ರಲ್ಲಿ ರಾಷ್ಟ್ರೀಯ ಮೇಳವಾಯಿತು. ಹಾಡುಗಾರ ಅಬೂಬಕರ್ ಡೆಂಬಾ ಕಮಾರಾ, ಗಿಟಾರಿನಲ್ಲಿ ಸೆಕು ಡಿಯಾಬಾಟೆ. ಸೆಕು ಜೆಲಿ ಮನೆಯ ಹುಡುಗ, ಜನ ಅವರನ್ನು ವಜ್ರದ ಬೆರಳಿನವನು ಎಂದೇ ಕರೆದರು. ಈ ಮೇಳದ ಹಾಡು ಕೇಳುವಾಗ ಒಂದೇ ಗಿಟಾರಿಗೆ ಕಿವಿಗೊಡಬಾರದು. ಎರಡು ಮೂರು ಗಿಟಾರುಗಳು ಬೇರೆ ಬೇರೆ ಆವರ್ತಗಳನ್ನು ಹಿಡಿದು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ಕೆಳಗೆ ಬೇಸ್ ಗಿಟಾರು, ಪಕ್ಕದಲ್ಲಿ ಕ್ಯೂಬಾದ ಕೊಂಗಾ ಡೋಲು. ಬಲಫೋನಿನ ಎಡಗೈ, ಬಲಗೈ ಕೆಲಸವನ್ನು ಇಲ್ಲಿ ಬೇರೆ ಬೇರೆ ಮನುಷ್ಯರು ಹಂಚಿಕೊಂಡಿದ್ದಾರೆ. ಹೆಣಿಗೆ ಬಿಗಿಯಾದ ಮೇಲೆ ಸೆಕು ಡಿಯಾಬಾಟೆಯವರ ಗಿಟಾರು ಮೇಲಿನಿಂದ ಜಾರಿ ಬರುತ್ತದೆ. ತುತ್ತೂರಿಗಳು ಕೊನೆಯಲ್ಲಿ ಒಟ್ಟಾಗಿ ಎದ್ದು ಕುಣಿಯುವವರ ಕಾಲಿಗೆ ಇನ್ನಷ್ಟು ರಭಸ ಕೊಡುತ್ತವೆ.

ಕ್ಯೂಬಾ ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಏಳುವುದು ಸಹಜ. ಎರಡನೆಯ ಮಹಾಯುದ್ಧಕ್ಕೆ ಮೊದಲಿನಿಂದಲೂ ಕ್ಯೂಬಾದ ಹಾಡುಗಳ ತಟ್ಟೆಗಳು ಪಶ್ಚಿಮ ಆಫ್ರಿಕಾದ ಬಂದರುಗಳಿಗೆ ಬರುತ್ತಿದ್ದವು. ಗುಲಾಮರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿದ್ದ ತಾಳಗಳು ಆ ತಟ್ಟೆಗಳ ಮೇಲೆ ಕೂತು ತವರಿಗೆ ಮರಳಿದ್ದವು. ಅಲ್ಲಿನ ಕಿವಿಗೆ ಆ ಸಂಗೀತ ಹೊರಗಿನದೆನಿಸಲಿಲ್ಲ. ಫ್ರೆಂಚ್ ಹಾಡನ್ನು ಹೊರಗಟ್ಟಿದ ಸರ್ಕಾರ ಕ್ಯೂಬಾದ ಧಾಟಿಯನ್ನು ತಡೆಯಲಿಲ್ಲ. 1965ರಲ್ಲಿ ಬೆಂಬೆಯಾ ಜಾಝ್ ಕ್ಯೂಬಾಕ್ಕೇ ಹೋಗಿ ಹಾಡಿಬಂತು.

ಹೆಂಗಸರ ಮೇಳವೊಂದನ್ನು ಇಲ್ಲಿ ಹೆಸರಿಸಲೇಬೇಕು. 1961ರಲ್ಲಿ ಕಟ್ಟಿದ ಅಮೆಜಾನ್ ದ ಗಿನಿ ತಂಡದವರೆಲ್ಲ ಸಶಸ್ತ್ರ ಪೊಲೀಸ್ ಪಡೆಯ ಮಹಿಳೆಯರು. ಗಿಟಾರು, ಸ್ಯಾಕ್ಸೊಫೋನು, ಡ್ರಮ್ಮು ಎಲ್ಲವನ್ನೂ ನುಡಿಸುವವರು ಅವರೇ. ಜೆಲಿ ಪರಂಪರೆಯಲ್ಲಿ ಹೆಂಗಸರಿಗೆ ಹಾಡುವ ಗೌರವ ದೊಡ್ಡದು, ವಾದ್ಯಗಳು ಮಾತ್ರ ಗಂಡಸರ ಕೈಯಲ್ಲೇ ಇದ್ದವು. ಆ ಕಟ್ಟಳೆಯನ್ನು ಸಮವಸ್ತ್ರ ತೊಟ್ಟ ಈ ಮಹಿಳೆಯರು ವೇದಿಕೆಯ ಮೇಲೆ ಮುರಿದರು. 1977ರಲ್ಲಿ ಲಾಗೋಸಿನ ಆಫ್ರಿಕನ್ ಕಲೆಗಳ ಮಹಾಮೇಳದಲ್ಲಿ ಅವರು ನುಡಿಸಿದರು, 1983ರಲ್ಲಿ ಪ್ಯಾರಿಸ್ಸಿನ ಕಛೇರಿಯ ಮುದ್ರಿಕೆ ಹೊರಬಂತು. ಆ ಕಾಲದ ಇಡೀ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ದಿಟ್ಟವೆನಿಸುವುದು ಈ ತಂಡ.

1960ರ ದಶಕದ ಕೊನೆಯಲ್ಲಿ ಸರ್ಕಾರ ತನ್ನದೇ ಮುದ್ರಿಕೆ ಸಂಸ್ಥೆ ತೆರೆಯಿತು. ಅದೇ ಸಿಲಿಫೋನ್. ಕೊನಾಕ್ರಿಯ ರೇಡಿಯೊ ಸ್ಟುಡಿಯೊದಲ್ಲಿ ಮುದ್ರಿಸಿದ ಹಾಡುಗಳು ಅಂದದ ರಟ್ಟಿನ ಹೊದಿಕೆಗಳಲ್ಲಿ ಆಫ್ರಿಕಾದ ತುಂಬ ಹರಡಿದವು. ಆಫ್ರಿಕಾದಲ್ಲಿ ಸರ್ಕಾರವೊಂದು ಇಷ್ಟು ಹಟದಿಂದ ಸಂಗೀತದ ಹಿಂದೆ ನಿಂತದ್ದಕ್ಕೆ ಮಾದರಿಯಾದದ್ದೇ ಗಿನಿ. ನೆರೆಯ ಮಾಲಿಯಲ್ಲೂ ಪ್ರಾಂತ್ಯಕ್ಕೊಂದು ಮೇಳ, ಸ್ಪರ್ಧೆ ಏರ್ಪಟ್ಟವು. ದಕ್ಷಿಣ ಆಫ್ರಿಕಾದಿಂದ ಬಹಿಷ್ಕೃತರಾಗಿದ್ದ ಹಾಡುಗಾರ್ತಿ ಮಿರಿಯಂ ಮಕೇಬಾ, ಕರಿಯರ ಹೋರಾಟದ ನಾಯಕ ಸ್ಟೋಕ್ಲಿ ಕಾರ್ಮೈಕಲ್‌ರನ್ನು 1968ರಲ್ಲಿ ಮದುವೆಯಾದ ಮೇಲೆ ಅಮೆರಿಕದಲ್ಲಿ ಅವರ ಕಛೇರಿಗಳು ಒಂದೊಂದಾಗಿ ರದ್ದಾದವು. ಅವರಿಗೆ ಮನೆ ಕೊಟ್ಟದ್ದು ಗಿನಿ. ಸುಮಾರು ಒಂದೂವರೆ ದಶಕ ಅವರು ಅಲ್ಲಿ ಬಾಳಿದರು, ಸಿಲಿಫೋನಿಗೆ ಹಾಡಿದರು, ಗಿನಿಯ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿ ಮಾತಾಡಿದರು.

ಮತ್ತೊಬ್ಬರು ಸೊರಿ ಕಾಂಡಿಯಾ ಕುಯಾಟೆ. 1933ರಲ್ಲಿ ಹುಟ್ಟಿದ ಈ ಜೆಲಿಯ ಕಂಠದ ಹರವು ಒಪೆರಾ ಹಾಡುಗಾರರನ್ನೂ ಬೆರಗಾಗಿಸುವಂಥದ್ದು. ಕೋರಾ ಎಂಬ ತಂತಿವಾದ್ಯದ 21 ತಂತಿಗಳು, ಬಲಫೋನು, ಅದರ ಮೇಲೆ ಏರಿ ನಿಲ್ಲುವ ಆ ದನಿ. ಪ್ರಾಚೀನ ರಾಜರ ಕಥನಗಳನ್ನು ಹಾಡಿದ ಅವರ ಮುದ್ರಿಕೆಗೆ 1970ರಲ್ಲಿ ಫ್ರಾನ್ಸಿನ ಶಾರ್ಲ್ ಕ್ರೋ ಅಕಾಡೆಮಿಯ ಪ್ರಶಸ್ತಿ ಬಂತು. 1977ರಲ್ಲಿ, ಇನ್ನೂ ಐವತ್ತು ತುಂಬದೆ, ತೀರಿಕೊಂಡರು.

ಫೊದೆಬಾ ಕೆಯ್ಟಾ

ಈ ಎಲ್ಲಕ್ಕೂ ಬೀಜ ಬಿತ್ತಿದವರು ಫೊದೆಬಾ ಕೆಯ್ಟಾ. 1921ರಲ್ಲಿ ಸಿಗಿರಿಯಲ್ಲಿ ಹುಟ್ಟಿ, ಉಪಾಧ್ಯಾಯರಾಗಿ, ಕವಿಯಾಗಿ, ನಾಟಕಕಾರರಾಗಿ ಬೆಳೆದರು. 1950ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಬ್ಯಾಲೆ ಆಫ್ರಿಕೇನ್ ಎಂಬ ನೃತ್ಯತಂಡ ಕಟ್ಟಿದರು. ಹಳ್ಳಿಯ ಅಂಗಳದಲ್ಲಿ ಇಡೀ ರಾತ್ರಿ ನಡೆಯುವ ಕುಣಿತವನ್ನು ಎರಡು ಗಂಟೆಯ ರಂಗಪ್ರದರ್ಶನವಾಗಿ ಕಟ್ಟುವುದು ಹೇಗೆ ಎಂಬುದನ್ನು ಕಂಡುಕೊಂಡವರು ಅವರು. ಅವರ ಕವಿತೆಯೊಂದನ್ನು ವಸಾಹತುಶಾಹಿ ವಿರೋಧಿ ಚಿಂತಕ ಫ್ರಾಂಜ್ ಫ್ಯಾನನ್ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಪೂರ್ತಿಯಾಗಿ ಎತ್ತಿಕೊಟ್ಟು ಮೆಚ್ಚಿದ್ದಾನೆ. ಸ್ವಾತಂತ್ರ್ಯ ಬಂದಾಗ ಈ ತಂಡ ರಾಷ್ಟ್ರದ ತಂಡವಾಯಿತು. ಗಿನಿಯ ರಾಷ್ಟ್ರಗೀತೆಯ ಧಾಟಿಯನ್ನು ಹೊಂದಿಸಿದವರೂ ಅವರೇ. ಲಾಬೆಯ ದೊರೆ ಆಲ್ಫಾ ಯಾಯಾನನ್ನು ಫ್ರೆಂಚರು ಗಡಿಪಾರು ಮಾಡಿದ್ದರು, 1912ರಲ್ಲಿ ಆತ ಸೆರೆಯಲ್ಲೇ ಸತ್ತ. ಅವನ ಮೇಲೆ ಜೆಲಿಗಳು ಕಟ್ಟಿದ್ದ ಸ್ತುತಿಯೇ ಸ್ವತಂತ್ರ ಗಿನಿಯ ರಾಷ್ಟ್ರಗೀತೆಯ ಮೂಲ.

ಫೊದೆಬಾ ಸೆಕು ತುರೆಯ ಸಂಪುಟದಲ್ಲಿ ಒಳಾಡಳಿತ ಸಚಿವರಾದರು, ರಕ್ಷಣಾ ಖಾತೆಯನ್ನೂ ಹೊತ್ತರು. ಪೊಲೀಸು, ಸೇನೆ ಎಲ್ಲ ಅವರ ಕೈಯಲ್ಲಿದ್ದವು. ಆ ಯಂತ್ರ ಅವರ ಕಡೆಗೇ ತಿರುಗಲು ಬಹಳ ಕಾಲ ಹಿಡಿಯಲಿಲ್ಲ. 1969ರಲ್ಲಿ ಪಿತೂರಿಯ ಆರೋಪ ಹೊರಿಸಿ ಅವರನ್ನು ಹಿಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಕೊನಾಕ್ರಿಯ ಬೊಯ್ರೊ ಶಿಬಿರದಲ್ಲಿ ಕೊಂದರು. ಆ ಶಿಬಿರದೊಳಗೆ ಹೋದವರಲ್ಲಿ ಮರಳಿ ಬಾರದವರು ಸಾವಿರಾರು. ಕೆಲವರಿಗೆ ಅನ್ನ ನೀರು ಕೊಡದೆ ಸಾಯಿಸುವ ಶಿಕ್ಷೆ. ಆಫ್ರಿಕನ್ ಏಕತಾ ಸಂಘಟನೆಯ ಮೊದಲ ಮಹಾಕಾರ್ಯದರ್ಶಿ ಡಿಯಾಲೊ ತೆಲ್ಲಿ 1977ರಲ್ಲಿ ಹೀಗೆಯೇ ಸತ್ತರು. 1970ರ ನವೆಂಬರ್ 22ರಂದು ಪೋರ್ಚುಗೀಸ್ ಪಡೆ ಸಮುದ್ರದಿಂದ ಬಂದು ಕೊನಾಕ್ರಿಯ ಮೇಲೆ ದಾಳಿ ಮಾಡಿದ್ದು ನಿಜ, ಸರ್ಕಾರಕ್ಕಿದ್ದ ಪಿತೂರಿಯ ಭಯ ಬರಿಯ ಕಲ್ಪನೆಯಲ್ಲ. ಆ ದಾಳಿಯ ನೆಪದಲ್ಲಿ ನಡೆದ ಬೇಟೆ ಮಾತ್ರ ಯಾವ ಅಳತೆಗೂ ಸಿಗದು. ಲಕ್ಷಾಂತರ ಜನ ದೇಶ ಬಿಟ್ಟು ಓಡಿದರು.

ಆ ವರ್ಷಗಳಲ್ಲೂ ಮೇಳಗಳು ಹಾಡುತ್ತಲೇ ಇದ್ದವು. ಪಕ್ಷವನ್ನು, ಸೇನೆಯನ್ನು, ಅಧ್ಯಕ್ಷನನ್ನು ಹೊಗಳಿ ಹಾಡಿದವು. ಇದಕ್ಕಾಗಿ ಆ ಕಲಾವಿದರನ್ನು ಹೀಗಳೆಯುವುದು ದೂರದಲ್ಲಿ ಕೂತ ನಮಗೆ ಸುಲಭ. ಕೊಲ್ಲಲು ಬಂದ ರಾಜನ ಮುಂದೆ ಸ್ತುತಿ ಕಟ್ಟಿದ ಬಾಲಾ ಫಾಸೆಕೆಯ ಸ್ಥಿತಿಯಲ್ಲೇ ಅವರೂ ಇದ್ದರು ಎಂದು ನಾನು ಬಲ್ಲೆ. ಆದರೆ ಒಂದು ವ್ಯತ್ಯಾಸವಿದೆ, ಅದು ದೊಡ್ಡದು. ಹಳೆಯ ದೊರೆಯ ಮುಂದೆ ಜೆಲಿಗೆ ಗದರುವ ಹಕ್ಕಿತ್ತು. ಸೆಕು ತುರೆ ಹೊಗಳಿಕೆಯ ಪರಂಪರೆಯನ್ನು ಮಾತ್ರ ತನ್ನದಾಗಿಸಿಕೊಂಡು, ಗದರುವ ಹಕ್ಕನ್ನು ಕಿತ್ತುಕೊಂಡ. ನಮ್ಮತನ ಉಳಿಸುತ್ತೇನೆಂದು ಹೊರಟವನು ನಮ್ಮತನದ ಬೆನ್ನೆಲುಬನ್ನೇ ಮುರಿದ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಾಡುಸೀಮೆಯಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. ಮೂಢನಂಬಿಕೆ ಅಳಿಸುವ ಹೆಸರಿನಲ್ಲಿ ಸರ್ಕಾರದ ಜನ ಅಲ್ಲಿನ ಹಳ್ಳಿಗಳಿಗೆ ನುಗ್ಗಿ ಪವಿತ್ರ ಮುಖವಾಡಗಳನ್ನು ಬಯಲಿಗೆಳೆದರು, ಸುಟ್ಟರು, ದೀಕ್ಷೆಯ ಆಚರಣೆಗಳನ್ನು ನಿಷೇಧಿಸಿದರು. ಅದೇ ಸರ್ಕಾರದ ನೃತ್ಯತಂಡ ಅದೇ ಮುಖವಾಡದ ಕುಣಿತಗಳನ್ನು ರಂಗದ ಮೇಲೆ ಕಟ್ಟಿ ಹೊರದೇಶಗಳಲ್ಲಿ ಚಪ್ಪಾಳೆ ಗಿಟ್ಟಿಸಿತು. ಬೇರಿನಿಂದ ಕಿತ್ತು ಹೂವನ್ನು ಮಾರಿದಂತಾಯಿತು. ರಾಷ್ಟ್ರೀಯ ಎಂಬ ಹಣೆಪಟ್ಟಿಯಡಿ ಮಾಂಡಿಂಗ್ ಧಾಟಿಯೇ ಮೆರೆದು, ಫುಲಾ ಕೊಳಲು, ಕಾಡಿನ ಹಾಡುಗಳು ಅಂಚಿಗೆ ಸರಿದವು ಎಂಬ ಮಾತನ್ನೂ ಇಲ್ಲಿ ಸೇರಿಸಬೇಕು.

ಇಷ್ಟಾಗಿಯೂ ಸಂಗೀತ ಏಕೆ ದೊಡ್ಡದಾಯಿತು? ಉತ್ತರ ಬೆಂಬೆಯಾ ಜಾಝ್‌ನ ಒಂದು ಮುದ್ರಿಕೆಯಲ್ಲಿದೆ. ಹೆಸರು ‘ರಗಾರ್ ಸ್ಯುರ್ ಲ ಪಾಸೆ’, ಗತಕಾಲದತ್ತ ಒಂದು ನೋಟ. ಫ್ರೆಂಚರನ್ನು ವರ್ಷಗಟ್ಟಲೆ ಎದುರಿಸಿ ಕಾದಾಡಿದ ದೊರೆ ಸಮೊರಿ ತುರೆಯ ಕಥೆ ಇದು. 1898ರ ಸೆಪ್ಟೆಂಬರ್ 29ರಂದು ಅವನನ್ನು ಸೆರೆಹಿಡಿದು ಗಾಬೊನಿಗೆ ಗಡಿಪಾರು ಮಾಡಿದರು, 1900ರಲ್ಲಿ ಅಲ್ಲೇ ಸತ್ತ. ಗಿನಿ ಬೇಡವೆಂದು ಮತ ಹಾಕಿದ್ದು ಅದಾಗಿ ಅರವತ್ತು ವರ್ಷ ತುಂಬಲು ಒಂದೇ ದಿನ ಉಳಿದಿದ್ದಾಗ. 1968ರಲ್ಲಿ ಸಮೊರಿ ಮತ್ತು ಆಲ್ಫಾ ಯಾಯಾರ ಅವಶೇಷಗಳನ್ನು ತಾಯ್ನಾಡಿಗೆ ತರಲಾಯಿತು. ತಾನು ಸಮೊರಿಯ ಮರಿಮಗ ಎಂದು ಸೆಕು ತುರೆ ಹೇಳಿಕೊಳ್ಳುತ್ತಿದ್ದುದರಿಂದ ಈ ಹಾಡಿನಿಂದ ಅವನಿಗೆ ಲಾಭವಿತ್ತು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಅರ್ಧ ಗಂಟೆ ಮೀರುವ ಆ ಕಥನ ಕೇಳುವಾಗ ಅಧ್ಯಕ್ಷ ಮರೆತುಹೋಗುತ್ತಾನೆ. ಬಲಫೋನು ಆರಂಭಿಸುತ್ತದೆ, ನಿರೂಪಕ ಕಥೆ ಹೇಳುತ್ತಾನೆ, ಗಿಟಾರುಗಳು ಮೆಲ್ಲಗೆ ಅಡಿಯಲ್ಲಿ ಹರಿಯುತ್ತವೆ, ಡೆಂಬಾ ಕಮಾರಾ ಅವರ ದನಿ ಎದ್ದಾಗ ಹಳೆಯ ಜೆಲಿಯೇ ಎದುರಿಗೆ ಕೂತಂತಾಗುತ್ತದೆ. ಶತಮಾನಗಳ ಕಥನಕಲೆ ಅದರ ಹಿಂದಿದೆ. ಸರ್ಕಾರದ ಘೋಷಣೆಗೆ ಅದನ್ನು ಮುಕ್ಕಾಗಿಸುವಷ್ಟು ಶಕ್ತಿ ಇರಲಿಲ್ಲ. 1969ರಲ್ಲಿ ಅಲ್ಜೀರ್ಸಿನ ಅಖಿಲ ಆಫ್ರಿಕಾ ಸಾಂಸ್ಕೃತಿಕ ಉತ್ಸವದಲ್ಲಿ ಈ ಕೃತಿಗೆ ಬೆಳ್ಳಿಪದಕ ಬಂತು. ಡೆಂಬಾ ಕಮಾರಾ 1973ರಲ್ಲಿ ಡಾಕರ್‌ನಲ್ಲಿ ನಡೆದ ಕಾರು ಅಪಘಾತಕ್ಕೆ ಬಲಿಯಾದರು. ಮೇಳ ಆಮೇಲೂ ಹಾಡಿತು, ಆ ಮೊದಲಿನ ಕಾವು ಮಾತ್ರ ಮರಳಲಿಲ್ಲ.

1984ರ ಮಾರ್ಚ್‌ನಲ್ಲಿ ಸೆಕು ತುರೆ ಸತ್ತ. ಕೆಲವೇ ದಿನಗಳಲ್ಲಿ ಸೇನೆ ಅಧಿಕಾರ ಹಿಡಿಯಿತು. ಭಯ ಇಳಿಯಿತು, ಅದರ ಜೊತೆಗೇ ಸಂಬಳವೂ ನಿಂತಿತು. ಕಾಲು ಶತಮಾನ ಸರ್ಕಾರದ ಆಸರೆಯಲ್ಲಿ ಬೆಳೆದ ಮೇಳಗಳಿಗೆ ಮಾರುಕಟ್ಟೆ ಎಂದರೇನೆಂದೇ ತಿಳಿದಿರಲಿಲ್ಲ. ವಾದ್ಯ ಕೆಟ್ಟರೆ ಹೊಸದಿಲ್ಲ, ಕೂತು ನುಡಿಸಲು ಜಾಗವಿಲ್ಲ. ಕಲಾವಿದರು ಅಬಿದ್ಜಾನ್‌ಗೆ, ಪ್ಯಾರಿಸ್ಸಿಗೆ ಹೊರಟರು.

ಹೊರಗೆ ನೆಲೆ ಹುಡುಕುವ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದವರು ಮೊರಿ ಕಾಂಟೆ. 1950ರಲ್ಲಿ ಕಿಸ್ಸಿದುಗು ಸೀಮೆಯ ಜೆಲಿ ಮನೆಯಲ್ಲಿ ಹುಟ್ಟಿ, ಎಳವೆಯಲ್ಲೇ ಮಾಲಿಯ ಬಮಾಕೊಗೆ ಹೋಗಿ, ಅಲ್ಲಿನ ರೈಲ್ ಬ್ಯಾಂಡಿನಲ್ಲಿ ಹಾಡಿ ಹೆಸರು ಮಾಡಿದ್ದರು. 1987ರಲ್ಲಿ ಅವರು ಕೋರಾವನ್ನು ಸಿಂಥಸೈಜರಿನ ಜೊತೆ ಕೂರಿಸಿ ಮುದ್ರಿಸಿದ ‘ಯೆಕೆ ಯೆಕೆ’ ಹಾಡು ಮರುವರ್ಷ ಯುರೋಪಿನ ಪಟ್ಟಿಯಲ್ಲಿ ಮೊದಲನೆಯದಾಯಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಪ್ರತಿ ಮಾರಾಟವಾದ ಮೊದಲ ಆಫ್ರಿಕನ್ ಸಿಂಗಲ್ ಅದು. ಹಳ್ಳಿಯ ಹುಡುಗಿಯರ ಹಾಡು ಅದರ ಮೂಲ. ಶುದ್ಧವಾದಿಗಳು ಆಗ ಮುಖ ಸಿಂಡರಿಸಿದರು. ನನ್ನ ಕಿವಿಗೆ ಅದರಲ್ಲಿ ಕೋರಾ ಎಲ್ಲೂ ಸೋತಿಲ್ಲ. 2020ರ ಮೇ ತಿಂಗಳಲ್ಲಿ ಕೊನಾಕ್ರಿಯಲ್ಲೇ ಅವರು ಕೊನೆಯುಸಿರೆಳೆದರು.

ಇನ್ನೊಂದು ದಾರಿ ಜೆಂಬೆಯದು. ಬ್ಯಾಲೆ ಆಫ್ರಿಕೇನ್‌ನ ಮುಖ್ಯ ಜೆಂಬೆವಾದಕರಾಗಿದ್ದ ಫಾಮುದು ಕೊನಾಟೆ, ಜೊಲಿಬಾ ಎಂಬ ಇನ್ನೊಂದು ರಾಷ್ಟ್ರೀಯ ನೃತ್ಯತಂಡದ ಮಮಾದಿ ಕೆಯ್ಟಾ, ಇವರಿಬ್ಬರೂ 1980ರ ದಶಕದಿಂದ ಯುರೋಪಿನಲ್ಲಿ ಶಿಷ್ಯರನ್ನು ಬೆಳೆಸಿದರು. ಇವತ್ತು ಬೆಂಗಳೂರೂ ಸೇರಿ ಜಗತ್ತಿನ ಎಷ್ಟೋ ನಗರಗಳಲ್ಲಿ ಜನ ವರ್ತುಲವಾಗಿ ಕೂತು ಜೆಂಬೆ ಬಾರಿ‌ಸುತ್ತಾರೆ. ಆ ಡೋಲು ಅಷ್ಟು ದೂರ ನಡೆದದ್ದರ ಹಿಂದೆ ಗಿನಿಯ ಈ ನೃತ್ಯತಂಡಗಳ ದುಡಿಮೆ ದೊಡ್ಡದು. ಊರಿನಲ್ಲಿ ಉಳಿದ ಹೊಸ ತಲೆಮಾರು ರ‍್ಯಾಪ್, ರೆಗೆ ಹಿಡಿದಿದೆ, ಅಧಿಕಾರದಲ್ಲಿರುವವರನ್ನು ಹಾಡಿನಲ್ಲೇ ಎದುರು ನಿಂತು ಪ್ರಶ್ನಿಸುತ್ತಿದೆ. ಕಿತ್ತುಕೊಂಡಿದ್ದ ಗದರುವ ಹಕ್ಕನ್ನು ಅವರು ಮರಳಿ ಪಡೆದಿದ್ದಾರೆ ಎಂದು ನನಗೆ ಸಂತೋಷ.

ಸಿಲಿಫೋನಿನ ಗತಿ ಏನಾಯಿತು? 1985ರ ಜುಲೈನಲ್ಲಿ ನಡೆದ ವಿಫಲ ಸೇನಾದಂಗೆಯಲ್ಲಿ ಕೊನಾಕ್ರಿಯ ರೇಡಿಯೊ ಕಟ್ಟಡದ ಮೇಲೆ ಗುಂಡುಗಳು ಬಿದ್ದು ಅಲ್ಲಿದ್ದ ಮುದ್ರಿಕೆಗಳ ಸಂಗ್ರಹ ನಾಶವಾಯಿತು. ಎಲ್ಲ ಹೋಯಿತೆಂದೇ ಬಹಳ ಜನ ನಂಬಿದ್ದರು. 2008ರಲ್ಲಿ, ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ, ಗ್ರೇಮ್ ಕೌನ್ಸೆಲ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ರೇಡಿಯೊ ಕೇಂದ್ರದಲ್ಲಿ ಉಳಿದ ಟೇಪುಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತರತೊಡಗಿದರು. ನಡುವೆ ದೇಶದಲ್ಲಿ ಮತ್ತೆ ರಕ್ತಪಾತವಾಗಿ ಕೆಲಸ ನಿಂತಿತು. 2013ರ ಹೊತ್ತಿಗೆ ಮುಗಿದಾಗ ಸಿಕ್ಕ ಹಾಡುಗಳ ಸಂಖ್ಯೆ 9,410. ಮುದ್ರಿಕೆಯಾಗಿ ಎಂದೂ ಹೊರಬಾರದ ಎಷ್ಟೋ ಹಾಡುಗಳು ಅದರಲ್ಲಿವೆ.

ಸಿಲಿಫೋನಿನ ಮುಖ್ಯ ಮುದ್ರಿಕೆಗಳು ಈಗ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಮೊದಲು ಸೊರಿ ಕಾಂಡಿಯಾ ಕುಯಾಟೆಯವರನ್ನು ಕೇಳಿ, ಆಮೇಲೆ ಅಮೆಜಾನ್ ತಂಡದ ಪ್ಯಾರಿಸ್ ಕಛೇರಿ ಕೇಳಿ. ಬೆಂಬೆಯಾ ಜಾಝ್‌ನ ಸಮೊರಿ ಕಥನವನ್ನು ಮಾತ್ರ ತುಂಡು ತುಂಡಾಗಿ ಕೇಳಬೇಡಿ, ಒಂದೇ ಕೂತಿಗೆ ಪೂರ್ತಿ ಕೇಳಿ. ಅದಕ್ಕೆ ಅಲ್ಜೀರ್ಸಿನಲ್ಲಿ ಪದಕ ಬಂದದ್ದು ಫೊದೆಬಾ ಕೆಯ್ಟಾ ಅವರನ್ನು ಕೊಂದ ಎರಡೇ ತಿಂಗಳ ಮೇಲೆ ಎಂಬುದೂ ನೆನಪಿರಲಿ.